ಬಿಟ್ಟಲ್ಲಿಂದ ಮುಂದಕ್ಕೆ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನವರೆಗೆ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಪಾಠ. ನಾಲ್ಕನೇ ಕ್ಲಾಸಿನಿಂದ ಪುಸ್ತಕ ಎಲ್ಲಿಗೆ ಬಂದಿದೆಯೋ ಅಲ್ಲಿಂದ ಪಾಠ. ಈ ಎರಡರ ನಡುವೆ ಎಷ್ಟೊಂದು ಮಕ್ಕಳು ಕಳೆದುಹೋಗುತ್ತಾರೆ ಅನ್ನೋದನ್ನ ನಾನು ಎರಡೂ ಕಡೆ ನಿಂತು ನೋಡಿದ್ದೇನೆ. ಮೊದಲು ಕಲ್ಯಾಣ ಕರ್ನಾಟಕದ ಒಂದು ತಾಂಡಾ (ಲಂಬಾಣಿಗರ ಊರು) ಶಾಲೆಯಲ್ಲಿ ನಲಿಕಲಿ, ಅಂದರೆ ಚಟುವಟಿಕೆಯಿಂದ ಕಲಿಸುವ ಪದ್ಧತಿಯ ಟೀಚರ್ ಆಗಿದ್ದೆ. ಈಗ ಬಡ್ತಿ ಸಿಕ್ಕಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ತಾಂಡಾ ಶಾಲೆಯಲ್ಲಿ ಚಪ್ಪಾಳೆ ತಟ್ಟಿ ಲೆಕ್ಕ ಮಾಡುತ್ತಿದ್ದಂಥ ಮಕ್ಕಳೇ ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಕೊನೆ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ.

ನಮಗೆ ತರಬೇತಿ ಕೊಡುವಾಗ ಮಗುಕೇಂದ್ರಿತ ಶಿಕ್ಷಣಕ್ಕೆ ಒಂದು ದಿನ, ಅಂಗವಿಕಲ ಮಕ್ಕಳನ್ನೂ ಎಲ್ಲರ ಜೊತೆಗೇ ಕಲಿಸುವ ಸಮನ್ವಯ ಶಿಕ್ಷಣಕ್ಕೆ ಇನ್ನೊಂದು ದಿನ ಇಡುತ್ತಾರೆ. ಮೊದಲನೇ ದಿನ ಚಟುವಟಿಕೆ, ಹಾಡು, ಗುಂಪು. ಎರಡನೇ ದಿನ ಅಂಗವೈಕಲ್ಯದ ವಿಧಗಳು, ಸವಲತ್ತುಗಳು, ಅರ್ಜಿ ನಮೂನೆ. ಎರಡೂ ಬೇರೆ ಬೇರೆ ಅನ್ನೋ ಹಾಗೆ. ನನಗೆ ಮಾತ್ರ ಇದು ಒಂದೇ ವಿಷಯ ಅನಿಸುತ್ತದೆ. ಕಣ್ಣು ಮಂಜಾದ ಹುಡುಗಿ, ಗುಳೆ ಹೋಗಿ ಬಂದ ಹುಡುಗ, ಮನೆಯಲ್ಲಿ ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಕೇಳುವ ಮಗು, ಎಲ್ಲರೂ ಕೇಳುತ್ತಿರೋದು ಒಂದೇ: ನಾನು ಇರುವ ಜಾಗಕ್ಕೆ ಪಾಠ ಬರುತ್ತದಾ, ಇಲ್ವಾ?

ನಲಿಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ಬೆಂಬಲದಿಂದ. ಆಂಧ್ರದ ಮದನಪಲ್ಲೆ ಹತ್ತಿರ ರಿಷಿ ವ್ಯಾಲಿ ಅಂತ ಇದೆಯಲ್ಲ, ಅವರು ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರೇ ಟೀಚರ್ ಇರುವ ಪುಟ್ಟ ಶಾಲೆಗಳನ್ನು ನಡೆಸುತ್ತಿದ್ದರು. ಪಾಠವನ್ನೆಲ್ಲ ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಮೆಟ್ಟಿಲಿನಂತೆ ಜೋಡಿಸಿದ್ದರು. ನಮ್ಮ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಕನ್ನಡಕ್ಕೆ ಬೇಕಾದ ಹಾಗೆ ತಾವೇ ಕಾರ್ಡು ಬರೆದರು. ಎಚ್.ಡಿ. ಕೋಟೆ ಕಾಡಂಚಿನ ತಾಲ್ಲೂಕು. ಜೇನುಕುರುಬರ ಹಾಡಿಗಳಿವೆ, ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಕುಟುಂಬಗಳು ಹೋಗಿ ಬರುತ್ತವೆ. ಅಂಥ ಊರಲ್ಲಿ ಎಲ್ಲ ಮಕ್ಕಳೂ ವರ್ಷಪೂರ್ತಿ ಕ್ಲಾಸಿನಲ್ಲಿ ಕೂತಿರುತ್ತಾರೆ ಅಂತ ಅಂದುಕೊಂಡು ಪಾಠ ಮಾಡೋಕೆ ಆಗೋದಿಲ್ಲ. 2009–10ರಲ್ಲಿ ಇದೇ ಪದ್ಧತಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಮೊದಲು ಒಂದು, ಎರಡನೇ ಕ್ಲಾಸಿಗೆ, ಆಮೇಲೆ ಮೂರನೆಯದಕ್ಕೂ.

ಒಳಗೆ ಹೇಗಿರುತ್ತದೆ ಅಂದರೆ, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಸಾಲು ಬೆಂಚಿಲ್ಲ, ಗುಂಡು ಮೇಜುಗಳು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವ ಹಾಗೆ ಕಪ್ಪು ಬಣ್ಣ ಬಳಿದಿರುತ್ತದೆ, ಅದು ಅವರ ಬೋರ್ಡು. ಕಲಿಕೆಯ ಮೆಟ್ಟಿಲಿನಲ್ಲಿ ಒಂದೊಂದು ಹಂತಕ್ಕೂ ಒಂದು ಲೋಗೋ, ಅಂದರೆ ಪುಟ್ಟ ಚಿತ್ರ. ಓದೋಕೆ ಬಾರದ ಮಗು ಕೂಡ ಆ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಕೂರುವುದು ಐದು ಗುಂಪಿನಲ್ಲಿ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದಕ್ಕೆ ಸ್ವಲ್ಪ ಸಾಕು, ಮುಂದಿನ ಎರಡರಲ್ಲಿ ಗೆಳೆಯರೇ ನೆರವಾಗುತ್ತಾರೆ, ಕೊನೆಯದು ಸ್ವಕಲಿಕೆ. ಯಾರೂ ಯಾವುದೇ ಗುಂಪಿನಲ್ಲಿ ಕಾಯಂ ಅಲ್ಲ. ಇವತ್ತು ನನ್ನ ಪಕ್ಕ ಕೂತ ಮಗು ನಾಳೆ ಸ್ವಕಲಿಕೆಗೆ ಹೋಗುತ್ತದೆ, ಹೊಸ ಕಾರ್ಡು ಬಂದಾಗ ಮತ್ತೆ ನನ್ನ ಹತ್ತಿರ ಬರುತ್ತದೆ. ಊರಿನ ಮಕ್ಕಳೂ ತಾಂಡಾದ ಮಕ್ಕಳೂ ಒಂದೇ ಶಾಲೆಗೆ ಬರುವ ಕಡೆ ಇದರಿಂದ ಇನ್ನೊಂದು ದೊಡ್ಡ ಕೆಲಸ ಆಗುತ್ತದೆ. ಯಾರ ಪಕ್ಕ ಯಾರು ಕೂರಬೇಕು ಅನ್ನೋದನ್ನ ಕಾರ್ಡು ತೀರ್ಮಾನಿಸುತ್ತದೆ. ಮನೆಯಿಂದ ಹೇಳಿ ಕಳಿಸಿದ್ದು ಅಲ್ಲಿ ನಡೆಯೋದಿಲ್ಲ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಅಂತ ಶುರು ಮಾಡೋದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಸರ, ರಸ, ದರ, ಅಗಸ, ಅರಸ, ಗರಗಸ ಅಂತ ಓದಿಬಿಡುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಗರಗಸ ಅಂತ ಮೊದಲ ಸಲ ತಾನೇ ಕೂಡಿಸಿ ಓದಿದ ಮಗು ಆ ದಿನ ಅದನ್ನೇ ಗೋಡೆಯಲ್ಲೆಲ್ಲ ಬರೆಯುತ್ತದೆ. ಅದನ್ನು ನೋಡಿದ ಯಾವ ಟೀಚರಿಗೂ ಈ ಪದ್ಧತಿಯ ಬಗ್ಗೆ ಪೂರ್ತಿ ಬೇಸರ ಬರೋಕೆ ಸಾಧ್ಯವಿಲ್ಲ.

ನಮ್ಮ ತಾಂಡಾದಿಂದ ದೀಪಾವಳಿ ಆದ ಮೇಲೆ ಅರ್ಧಕ್ಕರ್ಧ ಮನೆಗಳು ಕಬ್ಬು ಕಡಿಯೋಕೆ ಹೋಗುತ್ತಿದ್ದವು. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಟ್ಟಿರುತ್ತಾನೆ, ಟೋಳಿ (ಗುಂಪು) ಕಟ್ಟಿಕೊಂಡು ಗಂಡ ಹೆಂಡತಿ ಹೊರಡುತ್ತಾರೆ, ಮನೆಯಲ್ಲಿ ನೋಡಿಕೊಳ್ಳೋಕೆ ಅಜ್ಜಿ ಇಲ್ಲದಿದ್ದರೆ ಮಕ್ಕಳೂ ಹೋಗುತ್ತಾರೆ. ತಿರುಗಿ ಬರೋದು ಯುಗಾದಿ ಹೊತ್ತಿಗೆ. ಹಾಗೆ ಬಂದ ಹುಡುಗಿ ಕೋಣೆಗೆ ಬಂದು ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ತನ್ನ ಹೆಸರು ಹುಡುಕುತ್ತಾಳೆ, ಕೊನೆಯ ಗುರುತು ಎಲ್ಲಿದೆ ನೋಡುತ್ತಾಳೆ, ಒಂದೆರಡು ಹಳೇ ಕಾರ್ಡು ಮತ್ತೆ ಮಾಡಿ ಮುಂದಿನದಕ್ಕೆ ಕೈ ಹಾಕುತ್ತಾಳೆ. ‘ನೀನು ಇಷ್ಟು ದಿನ ಎಲ್ಲಿದ್ದೆ, ಪಾಠ ಎಲ್ಲಾ ಮುಗೀತು’ ಅಂತ ನಾನು ಹೇಳುವ ಪ್ರಮೇಯವೇ ಇಲ್ಲ. ಅವಳ ಪಾಠ ಮುಗಿದಿಲ್ಲ, ಅವಳಿಗಾಗಿ ಅಲ್ಲೇ ಇದೆ. ಚಿತ್ರದ ಕಾರ್ಡಿನಲ್ಲಿ ನೀರು ನೋಡಿ ‘ಪಾಣಿ’ ಅಂದರೆ ಪಾಣಿಯೇ ಸರಿ, ಅಲ್ಲಿಂದ ನೀರಿಗೆ ಬರೋಣ, ಅವಸರವಿಲ್ಲ. ಅದೇ ಕೋಣೆಯಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ಒಬ್ಬ ಹುಡುಗನಿದ್ದ. ಒಂದು ಕಾರ್ಡಿಗೆ ಬೇರೆಯವರು ಎರಡು ದಿನ ತಗೊಂಡರೆ ಅವನು ಎರಡು ವಾರ ತಗೊಳ್ಳುತ್ತಿದ್ದ. ಆದರೆ ಕ್ಲಾಸಿನಲ್ಲಿ ಎಲ್ಲರೂ ಬೇರೆ ಬೇರೆ ಕಾರ್ಡಿನಲ್ಲಿ ಇರುವಾಗ ಅವನು ಹಿಂದಿದ್ದಾನೆ ಅನ್ನೋದು ಯಾವ ಮಗುವಿಗೂ ದೊಡ್ಡ ಸುದ್ದಿ ಆಗಿರಲಿಲ್ಲ. ಅವನಿಗೂ ಆಗಿರಲಿಲ್ಲ.

ಎಲ್ಲಾ ಕಡೆ ಹೀಗೇ ನಡೆಯಿತು ಅಂತ ನಾನು ಹೇಳೋದಿಲ್ಲ. ನಲವತ್ತು ಮಕ್ಕಳು, ಒಬ್ಬರೇ ಟೀಚರ್, ಅವರಿಗೇ ಬಿಸಿಯೂಟದ ಲೆಕ್ಕ, ಅವರಿಗೇ ಜನಗಣತಿ, ಚುನಾವಣೆ. ಕಾರ್ಡುಗಳು ಹರಿದು ಹೋದರೆ ಹೊಸದು ಬರೋಕೆ ತಿಂಗಳುಗಳು. ಎಷ್ಟೋ ಶಾಲೆಗಳಲ್ಲಿ ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಟ್ಟು ನೋಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುವ ಹಿಂದಿನ ದಿನ ಪ್ರಗತಿ ನೋಟಕ್ಕೆ ಗುರುತು ಹಾಕುವ ಕೆಲಸ ನಡೆದಿದೆ. ತಂದೆ ತಾಯಂದಿರು ‘ಶಾಲ್ಯಾಗ ಬರೀ ಆಟಾ ಆಡಸ್ತಾರ’ ಅಂತ ಪಕ್ಕದ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದರು. ಅವರ ಆತಂಕ ನಿಜವಾದದ್ದೇ. ಇಷ್ಟೆಲ್ಲ ಇದ್ದರೂ, ಮಗು ಬಿಟ್ಟು ಹೋದ ಜಾಗವನ್ನು ಶಾಲೆ ನೆನಪಿಟ್ಟುಕೊಳ್ಳುತ್ತದೆ ಅನ್ನೋ ಒಂದು ವಿಷಯ ಇದೆಯಲ್ಲ, ಅದಕ್ಕಿಂತ ಒಳ್ಳೆಯದನ್ನು ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ನಾನು ಕಂಡಿಲ್ಲ.

ನಾಲ್ಕನೇ ಕ್ಲಾಸಿಗೆ ಅದು ನಿಂತುಹೋಗುತ್ತದೆ. ಗುಂಡು ಮೇಜು ಹೋಗಿ ಸಾಲು ಬೆಂಚು ಬರುತ್ತದೆ. ಕೈಗೆ ಪಠ್ಯಪುಸ್ತಕ, ಗೋಡೆಗೆ ಎಫ್‌ಎ, ಎಸ್‌ಎ ಪರೀಕ್ಷೆಗಳ ದಿನಾಂಕಗಳು. ಇಲ್ಲಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ಪೋರ್ಷನ್, ಅಂದರೆ ಮುಗಿಸಬೇಕಾದ ಪಾಠ. ‘ಪೋರ್ಷನ್ ಎಲ್ಲಿಗೆ ಬಂತು ಮೇಡಂ?’ ಯುಗಾದಿಗೆ ತಿರುಗಿ ಬಂದ ಹುಡುಗಿಗೆ ಈಗ ಗೋಡೆಯ ಮೇಲೆ ಹೆಸರಿಲ್ಲ. ಅವಳು ಹೋದಾಗ ಭಾಗಾಕಾರ ನಡೆಯುತ್ತಿತ್ತು, ಬಂದಾಗ ಭಿನ್ನರಾಶಿ ಮುಗಿದಿದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಆ ಕ್ಲಾಸಿನವಳು.

ಇದು ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ನಾಲ್ಕು ಐದನೇ ಕ್ಲಾಸಿಗೆ ‘ಓದು ಕರ್ನಾಟಕ’ ಬಂತು. ಅದರಲ್ಲಿ ಮಕ್ಕಳನ್ನು ಅಕ್ಷರ, ಪದ, ಪ್ಯಾರಾ, ಕಥೆ ಅಂತ ಅವರು ಇರುವ ಮಟ್ಟ ನೋಡಿ ಕೂರಿಸುತ್ತಾರೆ. ಒಳ್ಳೆಯ ಕೆಲಸ, ಆದರೆ ದಿನದ ಸ್ವಲ್ಪ ಹೊತ್ತಿಗೆ, ವರ್ಷದ ಸ್ವಲ್ಪ ದಿನಕ್ಕೆ. ಕೋವಿಡ್ ಮುಗಿದ ಮೇಲೆ 2022–23ರಲ್ಲಿ ‘ಕಲಿಕಾ ಚೇತರಿಕೆ’ ಮಾಡಿದರು. ಹಿಂದಿನ ಎರಡು ಕ್ಲಾಸಿನಲ್ಲಿ ಕಲಿಯದೆ ಬಿಟ್ಟಿದ್ದನ್ನೂ ಈ ವರ್ಷದ್ದನ್ನೂ ಸೇರಿಸಿ ಕಲಿಕಾ ಹಾಳೆಗಳನ್ನು ಕೊಟ್ಟರು. ಆ ವರ್ಷ ಏಳನೇ ಕ್ಲಾಸಿನ ಮಗುವಿಗೆ ಐದನೇ ಕ್ಲಾಸಿನದು ಹೇಳಿಕೊಟ್ಟರೆ ಯಾರೂ ಮೂಗು ಮುರಿಯಲಿಲ್ಲ. ಅಧಿಕಾರಿಗಳೇ ಹೇಳಿಕೊಡಿ ಅಂದರು. ಶಾಲೆ ಮುಚ್ಚಿದ್ದು ಮಕ್ಕಳ ತಪ್ಪಲ್ಲ ಅಂತ ಇಡೀ ರಾಜ್ಯ ಒಪ್ಪಿಕೊಂಡಿತ್ತು. ನನಗೆ ಆಗ ತುಂಬಾ ಕಾಡಿದ್ದು ಇದು: ಕಬ್ಬಿನ ಗದ್ದೆಗೆ ಹೋಗುವ ಮಗುವಿಗೆ ಪ್ರತಿ ವರ್ಷವೂ ಶಾಲೆ ಮುಚ್ಚುತ್ತದೆ. ಅದಕ್ಕೆ ಪ್ರತಿ ವರ್ಷವೂ ಚೇತರಿಕೆ ಬೇಕು. ಮಧ್ಯಮ ವರ್ಗದ ಮಕ್ಕಳಿಗೂ ಅದೇ ತೊಂದರೆ ಬಂದಾಗ ಮಾತ್ರ ನಾವು ಪೋರ್ಷನ್ ಬಿಟ್ಟು ಹಿಂದಕ್ಕೆ ಹೋಗೋಕೆ ತಯಾರಾದೆವು.

ಹೈಸ್ಕೂಲಿನಲ್ಲಿ ಸೇತುಬಂಧ ಅಂತ ಇದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಪೂರ್ವ ಪರೀಕ್ಷೆ ಮಾಡಿ, ಹಿಂದಿನ ಕ್ಲಾಸಿನಲ್ಲಿ ಏನು ಬಂದಿಲ್ಲ ನೋಡಿ, ಕೆಲವು ದಿನ ಅದನ್ನು ಹೇಳಿಕೊಟ್ಟು, ಸಾಫಲ್ಯ ಪರೀಕ್ಷೆ ಮಾಡಿ, ಪಾಠಕ್ಕೆ ಹೋಗೋದು. ಎಂಟನೇ ಕ್ಲಾಸಿನ ಪೂರ್ವ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವಾಗ ನನಗೆ ಇಡೀ ಕಥೆ ಕಾಣುತ್ತದೆ. ಒಬ್ಬನಿಗೆ 3ರಿಂದ 7 ಕಳೆದರೆ ಏನು ಅಂತ ಗೊತ್ತಿಲ್ಲ. ಇನ್ನೊಬ್ಬಳು ½ಕ್ಕೆ ⅓ ಕೂಡಿಸಿ ⅖ ಬರೆದಿದ್ದಾಳೆ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿದ್ದಾಳೆ, ಅಂದರೆ ಅವಳಲ್ಲಿ ಒಂದು ನಿಯಮ ಇದೆ, ಆ ನಿಯಮ ಸರಿಯಾ ಅಂತ ಜೊತೆಗೆ ಕೂತು ನೋಡುವವರು ಇಷ್ಟು ವರ್ಷ ಸಿಗಲಿಲ್ಲ. ಇದನ್ನು ಸರಿಮಾಡೋಕೆ ಕೆಲವೇ ದಿನ ಸಾಕಾಗೋದಿಲ್ಲ. ಸಾಫಲ್ಯ ಪರೀಕ್ಷೆಯ ಫಲಿತಾಂಶವನ್ನು ಫೈಲಿಗೆ ಸೇರಿಸಿ, ಬಹುಪದೋಕ್ತಿಗೆ ಹೋಗುತ್ತೇವೆ.

ಹತ್ತನೇ ಕ್ಲಾಸಿನಲ್ಲಿ ಆ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್. ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ, ಅವನ್ನೇ ಮತ್ತೆ ಮತ್ತೆ ಮಾಡಿಸೋದು. ಗ್ರಾಫ್, ಒಂದೆರಡು ಪ್ರಮೇಯ. ಇದನ್ನು ಬೈಯೋಕೆ ನನಗೆ ಮನಸ್ಸು ಬರೋದಿಲ್ಲ, ಯಾಕಂದರೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯ ಮದುವೆ ಎರಡು ವರ್ಷ ಮುಂದಕ್ಕೆ ಹೋಗಿದ್ದನ್ನ ನಾನೇ ಕಂಡಿದ್ದೇನೆ. ಆದರೆ ಪ್ಯಾಕೇಜ್ ಶುರುವಾಗೋದು ಪ್ರಶ್ನೆಪತ್ರಿಕೆಯ ಕಡೆಯಿಂದ, ಮಗುವಿನ ಕಡೆಯಿಂದ ಅಲ್ಲ. ಕಳೆಯೋಕೆ ಬಾರದ ಹುಡುಗ ಗ್ರಾಫ್ ಎಳೆಯೋಕೆ ಕಲಿಯುತ್ತಾನೆ, ಯಾಕೆ ಎಳೆಯಬೇಕು ಅಂತ ಗೊತ್ತಿಲ್ಲದೆ. ಅವನ ಹೆಸರು ‘ಸ್ಲೋ ಲರ್ನರ್’ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯಲ್ಲಿ ನಿಜವಾಗಿ ನಿಧಾನ ಕಲಿಯುವವರಿಗಿಂತ ನಡುವೆ ಬಿಟ್ಟುಹೋದದ್ದು ಜಾಸ್ತಿ ಇರುವವರೇ ಹೆಚ್ಚು.

ಅಂಗವಿಕಲ ಮಕ್ಕಳ ವಿಷಯದಲ್ಲೂ ಹೀಗೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದಾರೆ, ಎಲ್ಲ ಮಕ್ಕಳ ಜೊತೆಗೇ ಕಲಿಯುವ ಹಕ್ಕು ಕೊಟ್ಟಿದ್ದಾರೆ. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ನೇಮಕದ ಬಗ್ಗೆ ತೀರ್ಪು ಕೊಟ್ಟ ಮೇಲೆ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಅಂತ ಕೇಂದ್ರ ಸರ್ಕಾರ ಲೆಕ್ಕವನ್ನೂ ನಿಗದಿ ಮಾಡಿತು. ನಮ್ಮಲ್ಲಿ ಬ್ಲಾಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಕೂತ ಸಂಪನ್ಮೂಲ ಶಿಕ್ಷಕರು ಇಡೀ ಬ್ಲಾಕ್ ಸುತ್ತಬೇಕು. ಪಾಪ, ಬಂದಾಗ ಬಹಳ ಕೆಲಸ ಮಾಡುತ್ತಾರೆ, ಆದರೆ ಬರೋದು ಯಾವಾಗಲೋ ಒಮ್ಮೆ. ಉಳಿದ ದಿನ ಆ ಮಗು ನನ್ನ ಕ್ಲಾಸಿನಲ್ಲೇ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿಗಳಿವೆ. ಹೆಚ್ಚಿನ ಸಮಯ, ಬರೆಯೋಕೆ ಸಹಾಯಕರು, ಬೇಕಿದ್ದರೆ ಗಣಿತದ ಬದಲು ಬೇರೆ ವಿಷಯ. ಪರೀಕ್ಷೆಯ ದಿನ ಬರುವ ಈ ಸೌಲಭ್ಯ ಮೂರು ವರ್ಷ ಕ್ಲಾಸಿನಲ್ಲಿ ಎಲ್ಲಿತ್ತು? ಸಹಾಯಕರು ಕೆಳಗಿನ ಕ್ಲಾಸಿನ ವಿದ್ಯಾರ್ಥಿ ಆಗಿರಬೇಕು, ಅಂದರೆ ವರ್ಗಮೂಲದ ಚಿಹ್ನೆ ಎಲ್ಲಿಂದ ಎಲ್ಲಿವರೆಗೆ ಎಳೆಯಬೇಕು ಅಂತ ಬಾಯಲ್ಲೇ ಹೇಳಿ ಬರೆಸುವ ಕೌಶಲ ಕಣ್ಣು ಮಂಜಾದ ಹುಡುಗಿಗೆ ಬೇಕು. ಅದು ಅಭ್ಯಾಸದಿಂದ ಮಾತ್ರ ಬರುತ್ತದೆ. ಎಂಟನೇ ಕ್ಲಾಸಿನಿಂದಲೇ ವಾರಕ್ಕೊಮ್ಮೆ ಯಾರಿಗಾದರೂ ಹೇಳಿ ಬರೆಸಿದರೆ ಹತ್ತರಲ್ಲಿ ಆಕೆ ಒದ್ದಾಡೋದಿಲ್ಲ.

ನನ್ನ ಕ್ಲಾಸಿಗೆ ದೃಷ್ಟಿ ತೀರಾ ಕಮ್ಮಿ ಇರುವ ಒಬ್ಬ ಹುಡುಗಿ ಬಂದ ಮೇಲೆ ನಾನು ಬೋರ್ಡಿನ ಮೇಲೆ ಬರೆಯುವ ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳೋಕೆ ಶುರು ಮಾಡಿದೆ. ಗಣಿತದವರಿಗೆ ಒಂದು ಅಭ್ಯಾಸ ಇರುತ್ತದೆ, ‘ಇದನ್ನು ಇಲ್ಲಿಗೆ ತಗೊಂಡರೆ ಇದು ಹೀಗಾಗುತ್ತೆ’ ಅಂತ ಕೈ ತೋರಿಸಿ ಮುಗಿಸಿಬಿಡೋದು. ಬೋರ್ಡು ಕಾಣದ ಮಗುವಿಗೆ ಆ ವಾಕ್ಯದಲ್ಲಿ ಏನೂ ಇಲ್ಲ. ‘ಸಮ ಚಿಹ್ನೆಯ ಎಡಗಡೆ ಇರುವ ಪ್ಲಸ್ ಐದನ್ನು ತೆಗೆಯೋಕೆ ಎರಡೂ ಕಡೆಯಿಂದ ಐದು ಕಳೆಯುತ್ತೇನೆ’ ಅಂದರೆ ಎಲ್ಲ ಇದೆ. ಕೆಂಪು, ನೀಲಿ ಚಾಕ್‌ಪೀಸ್ ಬಿಟ್ಟು ಬಿಳಿ, ಹಳದಿಯಲ್ಲಿ ಬರೆದೆ. ಆಕೃತಿಗಳಿಗೆ ಜಿಯೋಬೋರ್ಡ್ (ಮೊಳೆಗಳಿರುವ ಹಲಗೆ) ಮೇಲೆ ರಬ್ಬರ್ ಬ್ಯಾಂಡ್, ರಟ್ಟಿನ ಮೇಲೆ ದಾರ. ಒಂದು ತಿಂಗಳಲ್ಲಿ ಕೊನೆ ಬೆಂಚಿನ ಹುಡುಗರು ‘ಈಗ ಅರ್ಥ ಆಗ್ತದ ಟೀಚರ’ ಅಂದರು. ಅವರ ಕಣ್ಣು ಚೆನ್ನಾಗಿಯೇ ಇತ್ತು. ‘ಇದು’ ಅಂದರೆ ಯಾವುದು ಅಂತ ಕೇಳೋಕೆ ಇಷ್ಟು ದಿನ ಧೈರ್ಯ ಇರಲಿಲ್ಲ.

ಇಡೀ ಕ್ಲಾಸನ್ನು ಒಂದೇ ಪಾಠದಲ್ಲಿ ಬೇರೆ ಬೇರೆ ಬಾಗಿಲಿನಿಂದ ಒಳಗೆ ಕರೆಯೋಕೆ ಆಗುತ್ತದೆ. ಸಮರೂಪ ತ್ರಿಭುಜಗಳ ಪಾಠಕ್ಕೆ ಎಲ್ಲರನ್ನೂ ಧ್ವಜದ ಕಂಬದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಒಂದು ಮೀಟರ್ ಕೋಲು ನೆಟ್ಟಗೆ ಹಿಡಿದರೆ ನೆರಳು 60 ಸೆಂಟಿಮೀಟರ್ ಅಂದುಕೊಳ್ಳಿ, ಅದೇ ಹೊತ್ತಿಗೆ ಕಂಬದ ನೆರಳು 3.6 ಮೀಟರ್, ಹಾಗಾದರೆ ಕಂಬ ಎಷ್ಟು ಎತ್ತರ? ಅಳೆಯೋದು, ಬರೆದುಕೊಳ್ಳೋದು ಒಂದು ಗುಂಪಿನ ಕೆಲಸ. ಅದರಲ್ಲೇ ಮೀಟರಿಂದ ಸೆಂಟಿಮೀಟರಿಗೆ ಬದಲಿಸೋದು, ದಶಮಾಂಶ, ಎಲ್ಲ ಬರುತ್ತದೆ. 3.6 ಮೀಟರಲ್ಲಿ 60 ಸೆಂಟಿಮೀಟರ್ ಎಷ್ಟು ಸಲ ಹೋಗುತ್ತದೆ ಅಂತ ನೋಡಿದರೆ ಆರು ಸಲ, ಕಂಬ ಆರು ಮೀಟರ್, ಇದು ಅನುಪಾತ ಬಲ್ಲವರ ದಾರಿ. ಯಾಕೆ ಹೀಗೆ ಮಾಡಬಹುದು, ಎರಡು ತ್ರಿಭುಜ ಸಮರೂಪ ಅಂತ ಹೇಳೋಕೆ ಯಾವ ಕೋನಗಳು ಸಮ, ಅದು ಮುಂದಿದ್ದವರ ಪ್ರಶ್ನೆ. ದೃಷ್ಟಿ ಕಮ್ಮಿ ಇರುವ ಹುಡುಗಿ ಕೋಲಿನ ತುದಿಯಿಂದ ನೆರಳಿನ ತುದಿಗೆ ಹಗ್ಗ ಎಳೆದು ಕೈಯಾಡಿಸಿ ಆ ಕೋನವನ್ನು ಮುಟ್ಟಿ ನೋಡುತ್ತಾಳೆ. ಎಲ್ಲರೂ ಅವತ್ತು ಒಂದೇ ಪಾಠ ಕಲಿತರು. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತಾಡೋಕೆ ಒಂದೇ ವಿಷಯ ಇತ್ತು.

ಸಹೋದ್ಯೋಗಿಗಳು ಕೇಳುವ ಒಂದು ಪ್ರಶ್ನೆ ನ್ಯಾಯವಾದದ್ದು: ಹೀಗೆ ಮಾಡಿದರೆ ಚುರುಕಿರುವ ಮಕ್ಕಳಿಗೆ ನಷ್ಟ ಆಗೋದಿಲ್ವಾ? ಅವರನ್ನು ದಿನವೂ ಬೇರೆಯವರಿಗೆ ಹೇಳಿಕೊಡೋಕೆ ಕೂರಿಸಿದರೆ ಖಂಡಿತ ಆಗುತ್ತದೆ. ಅವರೂ ಕಲಿಯೋಕೆ ಬಂದ ಮಕ್ಕಳು, ನಮ್ಮ ಸಹಾಯಕ ಶಿಕ್ಷಕರಲ್ಲ. ಅವರಿಗೂ ಅವರ ಮೆಟ್ಟಿಲು ಬೇಕು, ಇನ್ನೂ ಕಷ್ಟದ ಲೆಕ್ಕ ಬೇಕು, ತಾವು ಸೋಲುವಂಥ ಲೆಕ್ಕ ಬೇಕು. ಸಮಯದ ಮಾತಿಗೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. 40 ನಿಮಿಷದ ಪೀರಿಯಡ್ಡಿನಲ್ಲಿ ಅಂಗಳಕ್ಕೆ ಹೋಗಿ ಬರೋದೇ ಹತ್ತು ನಿಮಿಷ. ಎರಡು ಪೀರಿಯಡ್ ಜೋಡಿಸಿ ಕೊಡಿ ಅಂತ ಮುಖ್ಯ ಶಿಕ್ಷಕರನ್ನು ಕೇಳಬೇಕು, ಅವರು ಒಪ್ಪಬೇಕು.

ಪಿಯುನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ನನ್ನ ತಂಗಿ ಅಲ್ಲಿ ಭೌತಶಾಸ್ತ್ರ ಉಪನ್ಯಾಸಕಿ, ಒಂದು ಸೆಕ್ಷನ್ನಿನಲ್ಲಿ ತೊಂಬತ್ತರ ಹತ್ತಿರ ಮಕ್ಕಳು. ಹತ್ತರವರೆಗೆ ಕನ್ನಡದಲ್ಲಿ ಓದಿದ ಹುಡುಗ ಜೂನ್‌ನಲ್ಲಿ ಸೈನ್ಸ್ ಸೇರಿದರೆ ವೇಗೋತ್ಕರ್ಷ ಹೋಗಿ ಆಕ್ಸಲರೇಷನ್ ಆಗಿರುತ್ತದೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಕಾರಣಕ್ಕೆ ದಡ್ಡ ಅಂತ ತಾನೇ ತೀರ್ಮಾನ ಮಾಡಿಕೊಂಡು ಮೊದಲ ತಿಂಗಳಲ್ಲೇ ಆರ್ಟ್ಸ್‌ಗೆ ಬದಲಿಸಿಕೊಡಿ ಅಂತ ಆಫೀಸಿಗೆ ಬರುತ್ತಾನೆ. ಆರ್ಟ್ಸ್ ಇಷ್ಟಪಟ್ಟು ಹೋದರೆ ಸಂತೋಷ, ಹೆದರಿ ಹೋಗೋದು ನೋಡೋಕೆ ಆಗೋದಿಲ್ಲ. ತಂಗಿ ಮೊದಲ ಅಧ್ಯಾಯಗಳನ್ನು ಎರಡೂ ಭಾಷೆಯ ಪದಗಳನ್ನು ಬೋರ್ಡಿನ ಬದಿಗೆ ಬರೆದಿಟ್ಟುಕೊಂಡೇ ಮಾಡುತ್ತಾಳೆ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಿ ಅಂತ ಮೊದಲ ದಿನವೇ ಹೇಳುತ್ತಾಳೆ. ಗಟ್ಟಿಯಾಗಿ ಕೇಳೋಕೆ ಆಗದವರಿಗೆ ಮೇಜಿನ ಮೇಲೆ ಒಂದು ಡಬ್ಬಿ, ಚೀಟಿ ಬರೆದು ಹಾಕಬಹುದು, ಹೆಸರು ಬೇಡ. ತೊಂಬತ್ತು ಜನರ ಕ್ಲಾಸಿನಲ್ಲೂ ಮಗು ಎಲ್ಲಿ ನಿಂತಿದೆ ಅಂತ ತಿಳಿಯೋಕೆ ಇಷ್ಟರ ಮಟ್ಟಿಗೆ ದಾರಿ ಇದೆ.

ಇಲಾಖೆಯನ್ನು ನಾನು ಕೇಳೋದು ಎರಡು. ಎಂಟನೇ ಕ್ಲಾಸಿನ ಸೇತುಬಂಧವನ್ನು ಜೂನ್‌ಗೆ ಮುಗಿಸಬೇಡಿ, ದಸರಾ ರಜೆಯವರೆಗೆ ವಾರದಲ್ಲಿ ಎರಡು ಪೀರಿಯಡ್ ಅದಕ್ಕೇ ಬಿಟ್ಟುಕೊಡಿ, ಆ ಪೀರಿಯಡ್ಡಿನ ಪೋರ್ಷನ್ ಕೇಳಬೇಡಿ. ಎರಡನೆಯದು, ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಒಂದು ಕಾಲಂ. ಮಗುವಿನ ಜಾತಿ, ಆಧಾರ್, ಅಂಕ ಎಲ್ಲ ಅದರಲ್ಲಿದೆ, ಶಾಲೆ ಬದಲಾದರೂ ಅದೇ ನಂಬರ್ ಹಿಂದೆ ಬರುತ್ತದೆ. ಕಲಿಕೆ ಎಲ್ಲಿಗೆ ನಿಂತಿದೆ ಅನ್ನೋದನ್ನೂ ಅಲ್ಲಿ ಬರೆಯುವಂತಾದರೆ, ಕಬ್ಬಿನ ಗದ್ದೆಯ ಪಕ್ಕದ ಟೆಂಟ್ ಶಾಲೆಯವರು ಆ ನಂಬರ್ ಹಾಕಿ ನೋಡಿ, ಈ ಹುಡುಗನಿಗೆ ಭಾಗಾಕಾರ ಬರುತ್ತದೆ, ಶೇಷ ಉಳಿದರೆ ಗೊಂದಲ ಆಗುತ್ತದೆ ಅಂತ ತಿಳಿದುಕೊಂಡು ಅಲ್ಲಿಂದ ಹಿಡಿಯಬಹುದು. ಮಹಾರಾಷ್ಟ್ರದ ಕಡೆ ಹೋಗುವವರಿಗೆ ನಮ್ಮ ಸ್ಯಾಟ್ಸ್ ಉಪಯೋಗಕ್ಕೆ ಬರೋದಿಲ್ಲ. ಅವರಿಗೆ ನಾನು ದೀಪಾವಳಿ ರಜೆಗೆ ಮುಂಚೆ ಗಣಿತದ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬಗೆಬಗೆಯ ಲೆಕ್ಕ ಬರೆದು ಕೊಡುತ್ತೇನೆ, ಬಂದಿರುವುದಕ್ಕೆ ಸರಿ ಗುರುತು, ಬರಬೇಕಾದದ್ದಕ್ಕೆ ಸುತ್ತು. ಅಂಕಿಗಳಾದ್ದರಿಂದ ಅಲ್ಲಿನ ಟೀಚರಿಗೂ ಓದೋಕೆ ಬರುತ್ತದೆ.